ಸಂಶೋಧನೆಯಲ್ಲಿ ದಾಕ್ಷಿಣ್ಯ

ಸಂಶೋಧಕರ ನಡುವಿನ ಜಗಳಗಳು ಬಹುಮಟ್ಟಿಗೆ ಸಿದ್ಧಾಂತದ ಮೇಲೆ ಹುಟ್ಟುವುದಿಲ್ಲ. ಯಾರಿಗೆ ಯಾವ ಕೆಲಸ, ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಕೂಡಿಹಾಕಿದ ಸಾಮಗ್ರಿಯ ಮೇಲೆ ಯಾರ ಹಕ್ಕು ಎಂದು ಮೊದಲ ದಿನವೇ ಆಡಬೇಕಾಗಿದ್ದು ಆಡದೆ ಬಿಟ್ಟ ಮಾತುಗಳ ಮೇಲೆ ಹುಟ್ಟುತ್ತವೆ. ಆ ಮಾತುಗಳನ್ನು ಗಂಟಲಲ್ಲೇ ತಡೆಯುವ ಮನೋಭಾವಕ್ಕೆ ಕನ್ನಡದಲ್ಲಿ ದಾಕ್ಷಿಣ್ಯವೆಂಬ ಒಪ್ಪವಾದ ಹೆಸರಿದೆ. ಎದುರಿನವರ ಮನಸ್ಸು ನೊಂದೀತೆಂದು ತನಗೆ ಸಲ್ಲಬೇಕಾದುದನ್ನು ಕೇಳದಿರುವುದು, ಒಪ್ಪಿಗೆಯಿಲ್ಲದ್ದಕ್ಕೂ ತಲೆಯಾಡಿಸುವುದು ಅದರ ಲಕ್ಷಣ. ನೆಂಟರಿಷ್ಟರ ನಡುವೆ ಅದು ಸದ್ಗುಣವೇ ಇರಬಹುದು (ಅದಕ್ಕೆ ಸಿಲುಕಿದವರ ಗತಿಯನ್ನು ಹೇಳುವ ಕನ್ನಡ ಗಾದೆಯನ್ನು ಇಂಥ ಸಭೆಯಲ್ಲಿ ಪೂರ್ತಿಯಾಗಿ ಹೇಳುವಂತಿಲ್ಲ). ಸಂಶೋಧನೆಯಲ್ಲಾದರೋ ಅದು ಪಾಲಿನ ಮಾತನ್ನು ಬಾಯಿಗೆ ಬರಗೊಡುವುದಿಲ್ಲ, ಭಿನ್ನಾಭಿಪ್ರಾಯವನ್ನು ಕಾಗದಕ್ಕೆ ಇಳಿಯಗೊಡುವುದಿಲ್ಲ. ಹಿರಿಯ ಪ್ರಾಧ್ಯಾಪಕರೂ ಈಚೆಗಷ್ಟೇ ನೋಂದಣಿ ಮಾಡಿಸಿದ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತಿರುವ ಈ ಸಮ್ಮೇಳನದಲ್ಲಿ ಆ ವಿಷಯವನ್ನೇ ಎತ್ತಿಕೊಳ್ಳುವುದು ಉಚಿತ.

ದಾಕ್ಷಿಣ್ಯವನ್ನು ಹೊಸ್ತಿಲಾಚೆ ನಿಲ್ಲಿಸಿ ನಡೆದ ಸಹಯೋಗಕ್ಕೆ ಇಂಗ್ಲೆಂಡಿನ ಗಣಿತಜ್ಞರಾದ ಜಿ.ಎಚ್. ಹಾರ್ಡಿ ಮತ್ತು ಜೆ.ಇ. ಲಿಟಲ್‌ವುಡ್ ಅವರದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಸುಮಾರು 35 ವರ್ಷ ಜೊತೆಯಾಗಿ ದುಡಿದು ನೂರರಷ್ಟು ಪ್ರಬಂಧಗಳನ್ನು ಪ್ರಕಟಿಸಿದ ಈ ಇಬ್ಬರು ತಮ್ಮತಮ್ಮಲ್ಲೇ ನಾಲ್ಕು ಸೂತ್ರಗಳನ್ನು ಒಪ್ಪಿಕೊಂಡಿದ್ದರೆಂದು ಡೆನ್ಮಾರ್ಕಿನ ಗಣಿತಜ್ಞ ಹರಾಲ್ಡ್ ಬೋರ್ ದಾಖಲಿಸಿದ್ದಾರೆ. ಒಬ್ಬರಿಗೊಬ್ಬರು ಬರೆದದ್ದು ಸರಿಯೋ ತಪ್ಪೋ ಎಂಬುದು ಮುಖ್ಯವಲ್ಲ. ಬಂದ ಪತ್ರಕ್ಕೆ ಉತ್ತರಿಸುವ ಹಂಗಿಲ್ಲ, ಓದುವ ಹಂಗೂ ಇಲ್ಲ. ಇಬ್ಬರೂ ಏಕಕಾಲಕ್ಕೆ ಒಂದೇ ವಿವರದ ಬೆನ್ನುಹತ್ತದಿದ್ದರೆ ಮೇಲು. ಇಬ್ಬರ ಹೆಸರಿನಲ್ಲಿ ಬರುವ ಪ್ರಬಂಧಕ್ಕೆ ಒಬ್ಬರ ಕೊಡುಗೆ ಎಳ್ಳಷ್ಟಿಲ್ಲದಿದ್ದರೂ ಚಿಂತೆಯಿಲ್ಲ. ಮೇಲುನೋಟಕ್ಕೆ ತಮಾಷೆಯಂತೆ ಕಾಣುವ ಈ ಸೂತ್ರಗಳು ವಾಸ್ತವವಾಗಿ ನಾಲ್ಕು ಬಿಡುಗಡೆಗಳು: ತಪ್ಪಿನ ನಾಚಿಕೆಯಿಂದ, ಉತ್ತರದ ಋಣದಿಂದ, ಪೈಪೋಟಿಯಿಂದ, ಪಾಲಿನ ಲೆಕ್ಕದಿಂದ.

ಆದರೆ ಆ ಒಪ್ಪಂದ ಸಮಾನರ ನಡುವೆ ಆದದ್ದೆಂಬುದನ್ನು ಮರೆಯುವಂತಿಲ್ಲ. ಇಬ್ಬರಿಗೂ ಹುದ್ದೆಯಿತ್ತು, ಹೆಸರಿತ್ತು. ಒಂದು ಪ್ರಬಂಧದಲ್ಲಿ ಕಳೆದುಕೊಂಡದ್ದು ಇನ್ನೊಂದರಲ್ಲಿ ಬರುತ್ತಿತ್ತು. ಅದೇ ನಾಲ್ಕನೆಯ ಸೂತ್ರವನ್ನು ಗೈಡ್ ಎಂದು ಎಲ್ಲರೂ ಕರೆಯುವ ಮಾರ್ಗದರ್ಶಕರಿಗೂ, ಅವರ ಸಹಿಯಿಲ್ಲದೆ ಫೆಲೋಶಿಪ್ಪಿನ ಹಣವೂ ಕೈಸೇರದ ವಿದ್ಯಾರ್ಥಿಗೂ ಅನ್ವಯಿಸಿದರೆ ಔದಾರ್ಯವು ಸುಲಿಗೆಯಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಪಿಎಚ್.ಡಿ. ವಿದ್ಯಾರ್ಥಿಗಳೆಂಬ ಮಿತಿಯನ್ನು ಹಾಕಿದೆ; ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಯು ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕೆಂದೂ ಹೇಳಿದೆ. ಆದರೆ ಆ ಸಮಿತಿಯ ಮುಂದೆ, ಗೈಡ್ ಪಕ್ಕದಲ್ಲೇ ಕುಳಿತಿರುವಾಗ, ತನ್ನ ಸಾಮಗ್ರಿ ಬೇರೆಯವರ ಲೇಖನದಲ್ಲಿ ಕಾಣಿಸಿಕೊಂಡಿದೆಯೆಂದು ಯಾವ ವಿದ್ಯಾರ್ಥಿ ಹೇಳಿಯಾನು?

ಆಡದ ಮಾತು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಲಂಡನ್ನಿನ ಕಿಂಗ್ಸ್ ಕಾಲೇಜಿನ ಒಂದು ಪತ್ರ ಸಾಕ್ಷಿ. ಅಲ್ಲಿ ಮಾರಿಸ್ ವಿಲ್ಕಿನ್ಸ್ ಎಂಬ ವಿಜ್ಞಾನಿ, ವಂಶವಾಹಿ ದ್ರವ್ಯವಾದ ಡಿಎನ್ಎಯ ಎಳೆಗಳ ಮೂಲಕ ಕ್ಷಕಿರಣ ಹಾಯಿಸಿ, ಅದು ಚದುರಿ ಮೂಡಿಸುವ ಚುಕ್ಕಿಗಳಿಂದ ಅಣುವಿನ ರಚನೆಯನ್ನು ಊಹಿಸುವ ಕೆಲಸದಲ್ಲಿ ತೊಡಗಿದ್ದರು. ರೇಮಂಡ್ ಗಾಸ್ಲಿಂಗ್ ಎಂಬ ಸಂಶೋಧನ ವಿದ್ಯಾರ್ಥಿ ಅವರ ಜೊತೆಗಿದ್ದರು. 1950ರ ಡಿಸೆಂಬರಿನಲ್ಲಿ ವಿಭಾಗದ ಮುಖ್ಯಸ್ಥರಾದ ಜಾನ್ ರ‍್ಯಾಂಡಲ್, ಆಗ ಪ್ಯಾರಿಸ್ಸಿನಲ್ಲಿದ್ದ ರೋಸಲಿಂಡ್ ಫ್ರಾಂಕ್ಲಿನ್ ಅವರಿಗೆ ಬರೆದ ಪತ್ರದಲ್ಲಿ, ಸದ್ಯಕ್ಕೆ ಈ ಕ್ಷಕಿರಣದ ಕೆಲಸದಲ್ಲಿ ಇರುವವರು ಆಕೆ ಮತ್ತು ಗಾಸ್ಲಿಂಗ್ ಮಾತ್ರ ಎಂಬರ್ಥ ಬರುವಂತೆ ತಿಳಿಸಿದರು. ಆ ಮಾತನ್ನು ವಿಲ್ಕಿನ್ಸ್‌ಗೆ ತಿಳಿಸಲಿಲ್ಲ. 1951ರ ಜನವರಿಯಲ್ಲಿ ಫ್ರಾಂಕ್ಲಿನ್ ಕೆಲಸಕ್ಕೆ ಹಾಜರಾದಾಗ ವಿಲ್ಕಿನ್ಸ್ ರಜೆಯ ಮೇಲಿದ್ದರು. ಮರಳಿ ಬಂದವರು ತಮ್ಮ ತಂಡಕ್ಕೆ ಒಬ್ಬ ನುರಿತ ಸಹಾಯಕಿ ಬಂದಳೆಂದುಕೊಂಡರು, ಆಕೆಯಾದರೋ ಈ ಕೆಲಸ ಪೂರ್ತಿಯಾಗಿ ತನ್ನದೆಂದೇ ತಿಳಿದಿದ್ದರು. ಇಬ್ಬರೂ ತಮಗೆ ತಿಳಿದಷ್ಟರಲ್ಲಿ ಸರಿಯಾಗಿಯೇ ಇದ್ದರು. ವಿದ್ಯಾರ್ಥಿಯೂ ಎಳೆಗಳೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದವು. ಫ್ರಾಂಕ್ಲಿನ್ನರ ಮಾರ್ಗದರ್ಶನದಲ್ಲಿ ಗಾಸ್ಲಿಂಗ್ 1952ರ ಮೇ ತಿಂಗಳಲ್ಲಿ ತೆಗೆದ, ಮುಂದೆ 51ನೆಯ ಚಿತ್ರವೆಂದು ಹೆಸರಾದ ಕ್ಷಕಿರಣ ಚಿತ್ರವನ್ನು 1953ರ ಜನವರಿಯಲ್ಲಿ ವಿಲ್ಕಿನ್ಸ್, ಅದೇ ರಚನೆಯನ್ನು ಹುಡುಕುತ್ತಿದ್ದ ಕೇಂಬ್ರಿಜ್ಜಿನ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು, ಫ್ರಾಂಕ್ಲಿನ್ನರಿಗೆ ಗೊತ್ತಿಲ್ಲದಂತೆ. ಅದೇ ವರ್ಷ ಏಪ್ರಿಲ್ 25ರಂದು ಡಿಎನ್ಎಯ ರಚನೆಯ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಸಾಲಾಗಿ ಬಂದ ಮೂರು ಲೇಖನಗಳಲ್ಲಿ ವಾಟ್ಸನ್ ಮತ್ತು ಅವರ ಜೊತೆಗಾರ ಫ್ರಾನ್ಸಿಸ್ ಕ್ರಿಕ್‌ರದು ಮೊದಲು, ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್‌ರದು ಕೊನೆ. ಈ ಪ್ರಸಂಗವನ್ನು ಕಳ್ಳತನವೆಂದು ಕರೆಯುವವರಿದ್ದಾರೆ, ಸ್ವಭಾವಗಳ ಘರ್ಷಣೆಯೆಂದು ತಳ್ಳಿಹಾಕುವವರೂ ಇದ್ದಾರೆ. ಸ್ವಭಾವಗಳು ಘರ್ಷಿಸಿದ್ದು ನಿಜ. ಆದರೆ ಆ ಪತ್ರದ ಒಂದು ಪ್ರತಿಯನ್ನು ವಿಲ್ಕಿನ್ಸ್‌ರ ಮೇಜಿಗೂ ಕಳುಹಿಸಿದ್ದರೆ ಆ ಸ್ವಭಾವಗಳಿಗೆ ಇಷ್ಟೊಂದು ಅವಕಾಶ ದೊರೆಯುತ್ತಿರಲಿಲ್ಲ.

ಹೆಸರಿನ ಪ್ರಶ್ನೆಗೆ ಲಿಖಿತ ಮಾನದಂಡಗಳಿಲ್ಲದೆ ಇಲ್ಲ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಬಳಗವು ಮುಂದೆ ರೂಪಿಸಿದ ನಿಯಮದಂತೆ, ಲೇಖಕನೆನಿಸಿಕೊಳ್ಳುವವನು ಸಂಶೋಧನೆಯ ಕಲ್ಪನೆಗೋ ದತ್ತಾಂಶಕ್ಕೋ ಗಣನೀಯ ಕೊಡುಗೆ ನೀಡಿರಬೇಕು, ಬರವಣಿಗೆಯಲ್ಲೋ ತಿದ್ದುಪಡಿಯಲ್ಲೋ ಪಾಲ್ಗೊಂಡಿರಬೇಕು, ಅಂತಿಮ ಪಾಠಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಇಡೀ ಕೃತಿಗೆ ಹೊಣೆಯಾಗಲು ಸಿದ್ಧನಿರಬೇಕು. ಹೆಚ್ಚು ಜನ ಗಮನಿಸದ ಒಂದು ಸಂಗತಿಯೆಂದರೆ, ಮೊದಲನೆಯದನ್ನು ಪೂರೈಸಿದವನಿಗೆ ಉಳಿದವನ್ನು ಪೂರೈಸುವ ಅವಕಾಶ ಕೊಡಲೇಬೇಕೆಂದೂ ಆ ನಿಯಮ ಹೇಳುತ್ತದೆ. ಎಂದರೆ ದತ್ತಾಂಶ ತಂದವನಿಗೆ ಕರಡನ್ನೇ ತೋರಿಸದೆ, ಬರವಣಿಗೆಯಲ್ಲಿ ಅವನ ಪಾತ್ರವಿಲ್ಲವೆಂದು ಕೈಬಿಡುವಂತಿಲ್ಲ. ಕನ್ನಡದ ಗ್ರಂಥಸಂಪಾದನೆಯಲ್ಲಿ ಓಲೆಗರಿಗಳ ಮುಂದೆ ಕುಳಿತು ಪ್ರತಿ ಮಾಡಿಕೊಟ್ಟವರು ‘ಅರಿಕೆ’ಯ ಕೊನೆಯ ಸಾಲಿನಲ್ಲಿ, ಮುದ್ರಕರ ಹೆಸರಿನ ಆಸುಪಾಸಿನಲ್ಲಿ, ಕೃತಜ್ಞತೆಗಷ್ಟೇ ಪಾತ್ರರಾಗಿರುವುದನ್ನು ಬಲ್ಲವರಿಗೆ ಇದು ದೂರದ ವಿಷಯವಲ್ಲ.

ಇನ್ನು ಅಭಿಪ್ರಾಯಭೇದ. 1935ರ ಜನವರಿ 11ರಂದು ಲಂಡನ್ನಿನ ಖಗೋಳ ಸಂಘದ ಸಭೆಯಲ್ಲಿ ಯುವ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್, ಇಂಧನ ತೀರಿದ ನಕ್ಷತ್ರವು ಶ್ವೇತಕುಬ್ಜವಾಗಿ, ಅಂದರೆ ಕುಗ್ಗಿದ ಸಣ್ಣ ನಕ್ಷತ್ರವಾಗಿ, ನಿಲ್ಲಲು ಅದರ ದ್ರವ್ಯರಾಶಿಗೆ ಒಂದು ಮಿತಿಯಿದೆಯೆಂದು ಮಂಡಿಸಿದರು; ಅವರೊಡನೆ ಆ ತಿಂಗಳುಗಳಲ್ಲಿ ಪದೇ ಪದೇ ಚರ್ಚಿಸಿದ್ದ ಹಿರಿಯ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್, ಮುಂಚಿತವಾಗಿ ಸುಳಿವನ್ನೂ ಕೊಡದೆ, ಅವರ ಬೆನ್ನಿಗೇ ಎದ್ದು ಅದನ್ನು ಅಪಹಾಸ್ಯ ಮಾಡಿದರು. ಆದರೆ ಹೆಚ್ಚು ಹಾನಿಯಾದದ್ದು ಆ ಅಪಹಾಸ್ಯದಿಂದಲ್ಲ. ಚಂದ್ರಶೇಖರರೇ ಸರಿಯೆಂದು ಖಾಸಗಿಯಾಗಿ ಒಪ್ಪಿದ ಹಿರಿಯ ಭೌತವಿಜ್ಞಾನಿಗಳು ಬಹಿರಂಗವಾಗಿ ಹಾಗೆಂದು ಹೇಳಲು ಮುಂದಾಗಲಿಲ್ಲ. ದಾಕ್ಷಿಣ್ಯವೆಂಬ ಪದ ನಮ್ಮ ಬಳಕೆಯದಾದರೂ ಅದರ ವಹಿವಾಟು ಎಲ್ಲ ದೇಶಗಳಲ್ಲೂ ಇದೆ. ಎಡಿಂಗ್ಟನ್ನರೊಡನೆ ಚಂದ್ರಶೇಖರರ ಸ್ನೇಹ ಮಾತ್ರ ಮುರಿಯಲಿಲ್ಲ. 1982ರಲ್ಲಿ ಎಡಿಂಗ್ಟನ್ ಜನ್ಮಶತಾಬ್ದಿಯ ಉಪನ್ಯಾಸಗಳನ್ನು ಕೇಂಬ್ರಿಜ್ಜಿನಲ್ಲಿ ಕೊಟ್ಟವರು ಅವರೇ.

ಭಿನ್ನಮತವನ್ನು ಅಳಿಸದೆ, ಅದರಿಂದ ಕೆಲಸವನ್ನೂ ನಿಲ್ಲಿಸದೆ ಸಾಗುವ ಉಪಾಯ ಕನ್ನಡ ವಿದ್ವತ್ತಿಗೆ ಹೊಸದಲ್ಲ. ಪ್ರತಿಗಳು ಬೇರೆಬೇರೆ ಓದನ್ನು ಕೊಟ್ಟಾಗ ಸಂಪಾದಕನು ಒಂದನ್ನು ಮೂಲದಲ್ಲಿಟ್ಟು, ಬಿಟ್ಟದ್ದನ್ನು ಪಾಠಾಂತರವೆಂದು, ಅದು ಯಾವ ಪ್ರತಿಯದೆಂಬ ಸಂಕೇತಾಕ್ಷರದೊಡನೆ ಅಡಿಯಲ್ಲಿ ಮುದ್ರಿಸುತ್ತಾನೆ. ಮುಂದಿನ ಓದುಗನು ಅದೇ ಸರಿಯೆಂದು ತೋರಿಸಿಕೊಡಬಹುದು. ಜಂಟಿ ಪ್ರಬಂಧದಲ್ಲೂ ಸಹಲೇಖಕನ ಭಿನ್ನಮತಕ್ಕೆ ಅದೇ ರೀತಿ ಪುಟದಡಿಯಲ್ಲಿ ಎರಡು ಸಾಲು ದೊರೆಯಬೇಕು. ಕೆಲಸ ಹಂಚಿಕೆಯ ಮಾತು ಮೊದಲ ತಿಂಗಳಲ್ಲೇ ಒಂದು ಹಾಳೆಯ ಮೇಲೆ ಬರಬೇಕು. ಅದರ ಮೊದಲ ಕರಡನ್ನು ಬರೆಯಬೇಕಾದವನು ವಿದ್ಯಾರ್ಥಿಯೇ. ಗೈಡ್ ಬರೆದುಕೊಟ್ಟರೆ ಅವನು ಓದುವ ಮೊದಲೇ ‘ಆಗಲಿ ಸಾರ್’ ಎಂದು ಸಹಿ ಹಾಕಿಬಿಡುತ್ತಾನೆ.