ಉಪಕಾರವೂ ಹಂಗೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ನಾನು ತುಸು ಹಿಂದೆಗೆದೆನು. ಶಾಸ್ತ್ರವಿಚಾರವನ್ನು ಬಿಡಿಸಿ ಹೇಳಬಲ್ಲ ಪಂಡಿತರು ಇಲ್ಲಿ ಅನೇಕರಿರುವರು. ಆ ಅಧಿಕಾರವು ನನಗಿಲ್ಲ. ಆದುದರಿಂದ ನಾವೆಲ್ಲರೂ ಅನುಭವಿಸುವ, ಆದರೆ ಬಾಯಿಬಿಟ್ಟು ಆಡದಿರುವ ಒಂದು ಸಂಗತಿಯನ್ನು ಎತ್ತಿಕೊಳ್ಳುತ್ತೇನೆ. ಸ್ನೇಹಿತರು ಒಬ್ಬರಿಗೊಬ್ಬರು ಉಪಕಾರ ಮಾಡುವರು. ಅದರಿಂದ ಸ್ನೇಹವು ಬೆಳೆಯಬೇಕಷ್ಟೆ? ಆದರೆ ಎಷ್ಟೋ ಸಲ ಆ ಉಪಕಾರವೇ ಸ್ನೇಹಕ್ಕೆ ಮೃತ್ಯುವಾಗುವದು. ವೈರಿಯ ಅಪಕಾರವನ್ನು ಮರೆತವರುಂಟು. ಮಿತ್ರನ ಉಪಕಾರವನ್ನು ಸಹಿಸಲಾರದವರೂ ಉಂಟು. ಇದಕ್ಕೆ ಕಾರಣವೇನು?

ಮೊದಲು ನಮ್ಮ ನುಡಿಯನ್ನೇ ಕೇಳಿ ನೋಡೋಣ. ಮದುವೆ ಮುಂಜಿಗಳಲ್ಲಿ ನಂಟರಿಷ್ಟರು ಕೊಡುವ ಉಡುಗೊರೆಗೆ ಮುಯ್ಯಿ ಎನ್ನುವರು. ಇಂದು ನಮ್ಮ ಹೊಲಕ್ಕೆ ನೀವು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಾವು ಬರುವ ಪದ್ಧತಿಗೆ ಮುಯ್ಯಾಳು ಎನ್ನುವರು. ಅದೇ ಮುಯ್ಯಿ ಎಂಬ ಶಬ್ದಕ್ಕೆ ಸೇಡು ಎಂಬ ಅರ್ಥವೂ ಇರುವದು. ಪ್ರೀತಿಯಿಂದ ಪಡೆದುದನ್ನು ಹಿಂದಿರುಗಿಸುವವನೂ ಮುಯ್ಯಿ ತೀರಿಸುವನು. ಹಗೆಯನ್ನು ಸಾಧಿಸುವವನೂ ಮುಯ್ಯಿ ತೀರಿಸಿಕೊಳ್ಳುವನು. ಇನ್ನೊಂದು ಶಬ್ದವು ಹಂಗು. ಪರರ ಉಪಕಾರದ ಭಾರವೇ ಹಂಗು. ಆ ಭಾರವನ್ನು ಎತ್ತಿ ಆಡಿ ತೋರಿಸುವದೇ ಹಂಗಿಸುವದು. ಉಪಕಾರಕ್ಕೂ ವೈರಕ್ಕೂ ನಡುವೆ ಇರುವ ಗೋಡೆ ಎಷ್ಟು ತೆಳ್ಳಗಿನದೆಂಬದನ್ನು ನಮ್ಮ ಹಿರಿಯರು ಅರಿತಿದ್ದರು.

ಮಹಾಭಾರತದ ದ್ರೋಣ ದ್ರುಪದರ ಕಥೆಯು ತಮಗೆಲ್ಲ ತಿಳಿದದ್ದೇ. ಒಂದೇ ಗುರುಕುಲದಲ್ಲಿ ಬೆಳೆದ ಗೆಳೆಯರು. ನನಗೆ ಪಟ್ಟವಾದಾಗ ನನ್ನ ರಾಜ್ಯದ ಭೋಗವು ನಿನ್ನದೂ ಹೌದೆಂದು ಅರಸುಮಗನು ಎಳೆಯತನದಲ್ಲಿ ಮಾತು ಕೊಟ್ಟನು. ಕೊಟ್ಟವನು ಅದನ್ನು ಮರೆತನು, ಕೇಳಿದವನು ನೆನಪಿಟ್ಟನು. ಓರಗೆಯ ಹುಡುಗರು ಹಿಟ್ಟಿನ ನೀರನ್ನು ಹಾಲೆಂದು ಕುಡಿಸಿ ತನ್ನ ಮಗನನ್ನು ನಗೆಗೀಡು ಮಾಡಿದುದನ್ನು ಕಂಡ ಬಡ ದ್ರೋಣನು ಗೆಳೆಯನೆಂಬ ಸಲಿಗೆಯಿಂದ ಪಾಂಚಾಲಕ್ಕೆ ಹೋದನು. ಸ್ನೇಹವು ಸಮಾನರಲ್ಲಿ ಸಲ್ಲತಕ್ಕದ್ದೆಂದು ದ್ರುಪದನು ತಿರಸ್ಕರಿಸಿದನು. ಮುಂದೆ ದ್ರೋಣನು ಶಿಷ್ಯರ ಕೈಯಿಂದ ಅವನನ್ನು ಕಟ್ಟಿ ತರಿಸಿ, ಅರ್ಧರಾಜ್ಯವನ್ನು ತಾನಿಟ್ಟುಕೊಂಡು, ಈಗ ನಾವು ಸಮಾನರಾದೆವೆಂದು ಉಳಿದರ್ಧವನ್ನು ಹಿಂದಿರುಗಿಸಿದನು. ಗೆದ್ದವನು ಸೋತವನಿಗೆ ಪ್ರಾಣವನ್ನೂ ಅರ್ಧರಾಜ್ಯವನ್ನೂ ಉಳಿಸಿಕೊಟ್ಟದ್ದು ಲೋಕದ ದೃಷ್ಟಿಯಿಂದ ಉಪಕಾರವೇ. ಆದರೆ ದ್ರುಪದನ ಹೃದಯವನ್ನು ಸುಟ್ಟುದು ಆ ಉಪಕಾರವೇ. ದ್ರೋಣನನ್ನು ಕೊಲ್ಲುವ ಮಗನು ಬೇಕೆಂದು ಅವನು ಯಜ್ಞ ಮಾಡಿದನು. ಆ ಮಗ ಧೃಷ್ಟದ್ಯುಮ್ನನು ಕುರುಕ್ಷೇತ್ರದಲ್ಲಿ ಹದಿನೈದನೆಯ ದಿನ ದ್ರೋಣನ ತಲೆಯನ್ನು ಕಡಿದನು. ಅದಕ್ಕೂ ಮೊದಲು ದ್ರುಪದನು ದ್ರೋಣನ ಬಾಣಕ್ಕೆ ತುತ್ತಾಗಿದ್ದನು. ಗುರುಕುಲದ ಒಂದು ಮಾತಿನಿಂದ ಎರಡು ಮನೆಗಳೂ ಹಾಳಾದವು.

ಇದು ಅರಸರ ಕಥೆಯಾಯಿತು. ಒಕ್ಕಲಿನವರ ಕಥೆಯೊಂದನ್ನು ಹೇಳುವೆನು. ಅದು ನನ್ನ ಮನೆಯದೇ ಆದುದರಿಂದ ಹೆಸರು ಊರುಗಳನ್ನು ಬಿಟ್ಟು ಹೇಳುವದಕ್ಕೆ ತಮ್ಮ ಅಪ್ಪಣೆಯಿರಲಿ.

ನನ್ನ ತಂದೆಯವರಿಗೆ ಒಬ್ಬ ಬಾಲ್ಯಸ್ನೇಹಿತರಿದ್ದರು. ನಾವು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಒಂದು ವರ್ಷ ಹಿಂಗಾರಿ ಬಿತ್ತಿಗೆಯ ಸಮಯಕ್ಕೆ ಸರಿಯಾಗಿ ಕಾಕಾ ಅವರ ಒಂದು ಎತ್ತು ಸತ್ತಿತು. ಎರೆಯ ಹೊಲದಲ್ಲಿ ಹಸಿ ಆರುವದಕ್ಕೆ ಮೊದಲೇ ಕೂರಿಗೆ ಹೂಡಬೇಕು. ತಡವಾದರೆ ಆ ವರ್ಷದ ಜೋಳದ ಆಸೆಯನ್ನು ಬಿಡಬೇಕು. ತಂದೆಯವರು ತಮ್ಮ ಬಿತ್ತಿಗೆಯನ್ನು ನಿಲ್ಲಿಸಿ ಎರಡು ದಿವಸ ಎತ್ತುಗಳನ್ನು ಕೊಟ್ಟರು. ಆ ಎರಡು ದಿನಗಳಲ್ಲಿ ನಮ್ಮ ಹೊಲದ ಹಸಿ ಆರಿ, ಒಂದು ಪಟ್ಟಿಯ ಬೆಳೆ ವಿರಳವಾಗಿ ಹುಟ್ಟಿತು. ಈ ಮಾತನ್ನು ತಂದೆಯವರು ಗೆಳೆಯರ ಮುಂದೆ ಎತ್ತಲಿಲ್ಲ, ಮರೆಯಲೂ ಇಲ್ಲ. ಸುಗ್ಗಿಯಲ್ಲಿ ಕಾಕಾ ತಾವಾಗಿ ನಮ್ಮ ಕೆಲಸಕ್ಕೆ ಬರುವರೆಂದು ಒಳಗೊಳಗೇ ಎಣಿಸಿದ್ದರು. ಅವರು ಬರಲಿಲ್ಲ; ಕರೆದಿದ್ದರೆ ಬರುತ್ತಿದ್ದರು.

ಮುಂದೆ ಕಾಕಾ ಅವರ ಕಣದಲ್ಲಿ ರಾಶಿಯಾಯಿತು. ನಾಲ್ಕಾರು ಹಿರಿಯರು ನೆರೆದಿದ್ದಾಗ ತಂದೆಯವರು ನಗುತ್ತಲೇ, “ನಮ್ಮ ಎತ್ತು ಇಲ್ಲದಿದ್ದರೆ ಈ ರಾಶಿ ಎಲ್ಲಿತ್ತು?” ಎಂದುಬಿಟ್ಟರು. ಕಾಕಾ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಎತ್ತಿನ ಬಾಡಿಗೆಯೆಂದು ಒಂದು ಚೀಲ ಜೋಳವು ನಮ್ಮ ಬಾಗಿಲಿಗೆ ಬಂದಿತು. ತಂದೆಯವರು ಅದನ್ನು ಆಗಲೇ ತಿರುಗಿ ಕಳಿಸಿದರು. ಆ ಚೀಲವನ್ನು ಕೊಂಡೊಯ್ದ ಬಂಡಿಯ ಮೇಲೆ ಹತ್ತು ವರ್ಷದ ನಾನೂ ಕುಳಿತಿದ್ದೆನು. ಕಾಕಾ ಚೀಲವನ್ನು ಇಳಿಸಿಕೊಂಡರು. ಪ್ರತಿಸಲದಂತೆ ನನ್ನನ್ನು ಒಳಗೆ ಕರೆಯಲಿಲ್ಲ. ಆ ದಿನದಿಂದ ಹನ್ನೊಂದು ವರ್ಷ ಎರಡು ಮನೆಗಳಿಗೆ ಹೋಕುಬಳಕೆ ನಿಂತಿತು.

ಬಂಧುಗಳೇ, ಇಲ್ಲಿ ತಪ್ಪು ಯಾರದು? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಹೇಳಿ ಪಡೆದವರನ್ನೇ ದೂರುವದು ಸುಲಭ. ಆದರೆ ಕಾಕಾ ಕೃತಘ್ನರಲ್ಲ. ತಂದೆಯವರು ಲೋಭಿಗಳೂ ಅಲ್ಲ. ಒಬ್ಬರು ಮನಸ್ಸಿನಲ್ಲಿ ಲೆಕ್ಕವನ್ನು ಬರೆದಿಟ್ಟಿದ್ದರು. ಇನ್ನೊಬ್ಬರಿಗೆ ಅಂಥ ಲೆಕ್ಕವೊಂದು ಇರುವದೇ ತಿಳಿದಿರಲಿಲ್ಲ. ಸಾಹುಕಾರನ ಸಾಲವಾದರೆ ಪತ್ರವಿರುವದು, ವಾಯಿದೆಯಿರುವದು, ತೀರಿದ ದಿನ ಪತ್ರವನ್ನು ಹರಿಯುವರು. ಬಚ್ಚಿಟ್ಟ ಲೆಕ್ಕಕ್ಕೆ ವಾಯಿದೆಯೂ ಇಲ್ಲ, ತೀರುವಳಿಯೂ ಇಲ್ಲ. ಅದರ ಬಡ್ಡಿ ಮಾತ್ರ ಹಗಲಿರುಳು ಬೆಳೆಯುತ್ತಿರುವದು.

ಆದುದರಿಂದ ಕೊಡುವವನಿಗೆ ಎರಡೇ ದಾರಿಗಳು. ಹಿಂದಿರುಗಿ ಬೇಕಾಗಿದ್ದರೆ ಆಗಲೇ ಬಾಯಿಬಿಟ್ಟು ಹೇಳತಕ್ಕದ್ದು. ಇದು ಕೈಗಡ, ಇಂಥ ಹಬ್ಬಕ್ಕೆ ಕೊಡು. ಇದು ಮುಯ್ಯಾಳು, ನಾಳೆ ನೀನು ಬಾ. ಹೀಗೆನ್ನುವದರಲ್ಲಿ ನಾಚಿಕೆಯಿಲ್ಲ, ಸ್ನೇಹಕ್ಕೆ ಕುಂದೂ ಇಲ್ಲ. ಹಾಗೆ ಹೇಳಲು ಮನಸ್ಸೊಪ್ಪದಿದ್ದರೆ ಕೊಟ್ಟುದನ್ನು ಮರೆಯತಕ್ಕದ್ದು. ಹನ್ನೆರಡನೆಯ ಶತಮಾನದ ಶರಣರು ದಾನವೆನ್ನದೆ ದಾಸೋಹವೆಂದರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸನು. ಈ ಮಠದ ಪಂಕ್ತಿಯಲ್ಲಿ ಉಂಡವರ ಹೆಸರನ್ನು ಯಾರೂ ಬರೆದಿಡುವದಿಲ್ಲ. ಆದುದರಿಂದಲೇ ಇಲ್ಲಿ ಉಂಡವರು ತಲೆತಗ್ಗಿಸಿ ಹೋಗುವದಿಲ್ಲ.

ಪಡೆಯುವವನಿಗೂ ಧರ್ಮವುಂಟು. ಆಯ್ದಕ್ಕಿಯ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ತಿರುಗಿ ಕಳಿಸಿದಳೆಂದು ಕೇಳಿರುವೆವು. ಬೇಕಾದಷ್ಟನ್ನೇ ಕೊಳ್ಳುವವನ ಮೇಲೆ ಹಂಗಿನ ಭಾರವು ಏರುವದಿಲ್ಲ. ಕೊಟ್ಟವನು ಮರೆಯಬೇಕೆಂಬ ಮಾತನ್ನು ಹಿಡಿದು ಕೊಂಡವನೂ ಮರೆತರೆ ಅದು ಧರ್ಮವಲ್ಲ. ಉಪಕಾರವನ್ನು ಬಾಯಿಬಿಟ್ಟು ನೆನೆಯಬೇಕಾದವನು ಪಡೆದವನು. ಅವನು ಒಂದು ಸಲ ನೆನೆದರೆ, ಕೊಟ್ಟವನು ನೆನಪು ಮಾಡಿಕೊಡುವ ಪ್ರಸಂಗವೇ ಬರುವದಿಲ್ಲ. ಕಣದಲ್ಲಿ ತಂದೆಯವರು ಆಡಿದ ಮಾತನ್ನು ಕಾಕಾ ಅವರೇ ಮೊದಲು ಆಡಿದ್ದರೆ, ಅದೇ ಮಾತು ಎರಡು ಮನೆಗಳಿಗೂ ಹಬ್ಬವಾಗುತ್ತಿತ್ತು.

ಇನ್ನೊಂದು ಸೂಕ್ಷ್ಮವುಂಟು. ಕುಚೇಲನ ಕಥೆಯಲ್ಲಿ ಕೃಷ್ಣನು ಐಶ್ವರ್ಯವನ್ನು ಕೊಟ್ಟನೆಂಬದನ್ನು ನಾವು ಕೊಂಡಾಡುತ್ತೇವೆ; ಆದರೆ ಕೊಡುವದಕ್ಕೆ ಮೊದಲು ಅವನು ತೆಗೆದುಕೊಂಡನೆಂಬದನ್ನು ಮರೆಯುತ್ತೇವೆ. ಕುಚೇಲನು ನಾಚಿ ಮುಚ್ಚಿಟ್ಟಿದ್ದ ಅವಲಕ್ಕಿಯ ಗಂಟನ್ನು ಅವನು ಕಸಿದು ತಿಂದನು. ಕೊಟ್ಟುದನ್ನು ಎದುರಿಗೆ ಹೇಳಲೂ ಇಲ್ಲ. ಕುಚೇಲನು ಮನೆಗೆ ಬಂದಾಗ ಪಡೆದವನಾಗಿದ್ದನು. ಆದರೆ ಅದಕ್ಕೂ ಮೊದಲು ಕೊಟ್ಟವನಾಗಿದ್ದನು. ಸದಾ ಕೊಡುತ್ತಲೇ ಇದ್ದು ಗೆಳೆಯನಿಂದ ಹಿಡಿ ಅವಲಕ್ಕಿಯನ್ನೂ ಕೊಳ್ಳದವನು ಗೆಳೆಯನಲ್ಲ, ಒಡೆಯನು.

ಈ ತತ್ತ್ವವನ್ನು ನಾನು ಪುರಾಣದಿಂದ ಕಲಿಯಲಿಲ್ಲ. ಹನ್ನೊಂದು ವರ್ಷಗಳ ಮೇಲೆ ಒಂದು ಮಳೆಗಾಲ ನಮ್ಮ ಹಗೇವಿನೊಳಗೆ ನೀರಿಳಿದು ಬೀಜದ ಜೋಳವೆಲ್ಲ ಕೆಟ್ಟಿತು. ಪೇಟೆಯಿಂದ ಬೀಜ ತರುವ ಶಕ್ತಿ ತಂದೆಯವರಿಗಿತ್ತು. ಆದರೂ ಅವರು ಒಂದು ಸಂಜೆ ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು, ಕಾಕಾ ಅವರ ಬಾಗಿಲಿಗೆ ಹೋದರು. ಕ್ಷಮೆಯ ಮಾತನ್ನಾಡಲು ಅವರಿಗೆ ಬರುತ್ತಿರಲಿಲ್ಲ. “ಬಿತ್ತುವದಕ್ಕೆ ಬೀಜವಿಲ್ಲ. ಕೇಳುವದಕ್ಕೆ ಬಂದೆ” ಎಂದಷ್ಟೇ ಹೇಳಿದರು. ಕಾಕಾ ಬಹಳ ಹೊತ್ತು ಸುಮ್ಮನೆ ನಿಂತರು. ಬಳಿಕ ಚೀಲವನ್ನು ತೆಗೆದುಕೊಂಡು ಒಳಗೆ ನೋಡಿ, “ಇಬ್ಬರಿಗೆ ಹೆಚ್ಚು ರೊಟ್ಟಿ ಬಡಿಯಿರಿ” ಎಂದರು.

ಬೀಜದ ಚೀಲವನ್ನು ಆ ರಾತ್ರಿ ನಾನೇ ಹೊತ್ತು ತಂದೆನು. ಅದು ಭಾರವಾಗಿತ್ತು, ಆದರೆ ನನ್ನ ಮುಂದೆ ನಡೆದಿದ್ದ ತಂದೆಯವರ ಹೆಗಲು ಹಗುರಾದುದನ್ನು ನಾನು ಕಂಡೆನು.

ಈ ಸಭೆಯಲ್ಲಿ ಕುಳಿತವರಲ್ಲಿ ಯಾರಿಗಾದರೂ ಹೀಗೆ ಮಾತು ಬಿಟ್ಟ ಗೆಳೆಯನೊಬ್ಬನು ಇದ್ದರೆ, ಮಹೋತ್ಸವ ಮುಗಿಸಿಕೊಂಡು ಹೋಗುವ ದಾರಿಯಲ್ಲಿ ಅವನ ಬಾಗಿಲಿಗೆ ಹೋಗಿ ಏನನ್ನಾದರೂ ಕೇಳಿರಿ. ಕೊಡಲು ಹೋಗಬೇಡಿರಿ, ಕೇಳಲು ಹೋಗಿರಿ.