ಹೆಪ್ಪಿನ ಜೀವಾಣು ಹಾಲನ್ನು ಉಣ್ಣುವ ಬಗೆ

ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾದರೂ ಮೊಸರಾಗದಿದ್ದರೆ ನಾವು ಚಳಿಯನ್ನು ದೂರುತ್ತೇವೆ. ಕೆಲವೊಮ್ಮೆ ದೋಷ ಹೆಪ್ಪಿನಲ್ಲಿಯೇ ಇರುತ್ತದೆ.

ಮೊಸರಿನ ಜೀವಾಣುಗಳಲ್ಲಿ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಒಂದು. ಅದರ ಬೆಳವಣಿಗೆಗೆ ಅಮೈನೋ ಆಮ್ಲಗಳು ಬೇಕು. ಹಾಲಿನಲ್ಲಿ ಇವು ಬಿಡಿಯಾಗಿ ಸಿಗುವುದು ಅತ್ಯಲ್ಪ. ಆದ್ದರಿಂದ ಅದರ ಕೋಶಭಿತ್ತಿಯಲ್ಲಿರುವ ಕಿಣ್ವವು ಹಾಲಿನ ಕೇಸೀನ್ ಪ್ರೋಟೀನನ್ನು ಪೆಪ್ಟೈಡ್ ಎಂಬ ತುಂಡುಗಳಾಗಿ ಕತ್ತರಿಸುತ್ತದೆ.

ತುಂಡುಗಳನ್ನು ಒಳಗೆ ಸಾಗಿಸಲು ಐದು ಪ್ರೋಟೀನುಗಳಿವೆ. ಹೊರಗಿರುವ 'ಆಪ್-ಎ' ಪ್ರೋಟೀನಿಗೆ ಎರಡು ಹೋಳು, ನಡುವೆ ಪೊಳ್ಳು. ಪೆಪ್ಟೈಡ್ ಬಂದೊಡನೆ ಹೋಳುಗಳು ಎರಡು ಅಂಗೈಗಳಂತೆ ಮುಚ್ಚಿಕೊಳ್ಳುತ್ತವೆ. 4ರಿಂದ 35 ಅಮೈನೋ ಆಮ್ಲಗಳಷ್ಟು ಉದ್ದದ ತುಂಡುಗಳನ್ನು ಅದು ಹಿಡಿಯಬಲ್ಲದು. ಮತ್ತೆರಡು ಪ್ರೋಟೀನುಗಳು ಪೊರೆಯಲ್ಲಿ ದಾರಿಯಾಗುತ್ತವೆ, ಉಳಿದೆರಡು ಎ.ಟಿ.ಪಿ. ಒಡೆದು ಶಕ್ತಿ ಒದಗಿಸುತ್ತವೆ. ಒಳಹೋದ ತುಂಡುಗಳು ಅಲ್ಲಿ ಬಿಡಿ ಅಮೈನೋ ಆಮ್ಲಗಳಾಗುತ್ತವೆ.

ಈ ಸಾಗಣೆ ಕೆಟ್ಟ ತಳಿ ಹಾಲಿನಲ್ಲಿ ಸರಿಯಾಗಿ ಬೆಳೆಯಲಾರದು. ಕತ್ತರಿಸುವ ಕಿಣ್ವದ ವಂಶವಾಹಿಯಂತೂ ಅನೇಕ ತಳಿಗಳಲ್ಲಿ ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿದ್ದು, ಪೀಳಿಗೆಗಳು ಕಳೆದಂತೆ ಕೈತಪ್ಪಿ ಹೋಗಬಹುದು. ಅಂಥ ಹೆಪ್ಪಿನಲ್ಲಿ ಹುಳಿ ನಿಧಾನವಾಗಿ ಏರುತ್ತದೆ.

ಆದ್ದರಿಂದ ಹೆಪ್ಪು ಪದೇ ಪದೇ ನಿಧಾನವಾದರೆ ಅದನ್ನೇ ಮುಂದುವರಿಸಬೇಡಿ. ಚೆನ್ನಾಗಿ ಗಟ್ಟಿಯಾದ, ತಾಜಾ ಮೊಸರಿನಿಂದ ಹೊಸ ಹೆಪ್ಪು ತನ್ನಿ. ಪಾತ್ರೆ ಶುಚಿಯಾಗಿರಲಿ.