ಬದುವಿಗೆ ಆವರಿಕೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಚಿತ್ರದುರ್ಗ, ತುಮಕೂರು, ಕೋಲಾರದ ಕಡೆ ಕಲ್ಲು ನೆಲದಲ್ಲೂ ಹಳದಿ ಹೂ ತುಂಬಿಕೊಂಡು ನಿಲ್ಲುವ ಗಿಡ ಆವರಿಕೆ. ಕೆಲವೆಡೆ ಇದನ್ನೇ ತಂಗಡಿ ಎನ್ನುತ್ತಾರೆ. ಹಿಂದೆ ಇದರ ತೊಗಟೆ ಚರ್ಮ ಹದ ಮಾಡಲು ಹೋಗುತ್ತಿತ್ತು. ತೆಲಂಗಾಣದವರಿಗೆ ಇದು ಬತುಕಮ್ಮ ಹಬ್ಬದ ಹೂವು, ರಾಜ್ಯಪುಷ್ಪವೂ ಹೌದು. ನಾವು ಮಾತ್ರ ಕಳೆಯೆಂದು ಬದುವಿನಿಂದ ಕಿತ್ತು ಸುಡುತ್ತೇವೆ. ಮಳೆ ಬಂದಾಗ ಬದು ಕೊಚ್ಚಿಹೋಗುತ್ತದೆ. ಆಮೇಲೆ ಗೊಬ್ಬರಕ್ಕೆ ಸಾಲ ಮಾಡುತ್ತೇವೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಆವರಿಕೆ ದ್ವಿದಳ ಜಾತಿಯದು, ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ ಎಂದು ಹಿಂದೊಮ್ಮೆ ಒಂದು ಹಳ್ಳಿಯಲ್ಲಿ ಹೇಳಿದ್ದೆ. ಹಿರಿಯ ರೈತರೊಬ್ಬರು ಗಿಡವನ್ನು ಬೇರುಸಹಿತ ಅಗೆದು ತಂದು, "ಕಡಲೆಕಾಯಿ ಬೇರಿನಲ್ಲಿ ಗಂಟು ಇರುತ್ತದೆ. ಇದರಲ್ಲಿ ಎಲ್ಲಿದೆ ತೋರಿಸಿ, ಸ್ವಾಮಿ" ಎಂದರು. ತೋರಿಸಲು ಇರಲಿಲ್ಲ. ದ್ವಿದಳ ಜಾತಿಯ ಗಿಡಗಳಿಗೆಲ್ಲ ಬೇರುಗಂಟು ಇರುವುದಿಲ್ಲ. ಆವರಿಕೆ ಅಂಥ ಗಿಡ. ಅದು ನೆಲದಲ್ಲಿರುವ ಸಾರವನ್ನೇ ಹೀರಿ ಸೊಪ್ಪಿಗೆ ತರುತ್ತದೆ. ಆದ್ದರಿಂದ ಇದರ ಜಾಗ ಹೊಲದ ನಡುವೆ ಅಲ್ಲ, ಬದು ಮತ್ತು ಬೀಳು ನೆಲ. ಅಲ್ಲಿನ ಸಾರ ಸೊಪ್ಪಾಗಿ ಹೊಲಕ್ಕೆ ಬರಬೇಕು.

ಬೆಳೆಸುವ ಕ್ರಮ ಸುಲಭ. ಬಲಿತು ಒಣಗಿದ ಕಾಯಿಗಳಿಂದ ಬೀಜ ಬಿಡಿಸಿಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಹಾಗೆಯೇ ಬಿತ್ತಿದರೆ ಬಹಳಷ್ಟು ಮೊಳೆಯುವುದಿಲ್ಲ. ಕುದಿಸಿ ಒಲೆಯಿಂದ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು, ರಾತ್ರಿಯೆಲ್ಲ ನೆನೆಯಲು ಬಿಡಿ. ಮುಂಗಾರು ಹಿಡಿದ ಮೇಲೆ ಬದುವಿನ ಮೇಲೆ 3 ಅಡಿಗೊಂದು ಗುಣಿಯಲ್ಲಿ 2-3 ಬೀಜವನ್ನು ಅರ್ಧ ಅಂಗುಲ ಆಳಕ್ಕೆ ಹಾಕಿರಿ. ದನಕರು ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬೇಲಿಯ ಖರ್ಚಿಲ್ಲ.

ಎರಡನೆಯ ವರ್ಷದಿಂದ ಮೊಣಕಾಲೆತ್ತರ ಬಿಟ್ಟು ಸೊಪ್ಪು ಕೊಯ್ಯಬಹುದು, ಮತ್ತೆ ಚಿಗುರುತ್ತದೆ. ಕಡ್ಡಿ ಬಲಿಯುವ ಮೊದಲೇ ಕೊಯ್ಯಬೇಕು. ತೊಗಟೆ ಸುಲಿದರೆ ಮಾತ್ರ ಗಿಡ ಉಳಿಯದು.

ಸೊಪ್ಪನ್ನು ಬಳಸುವಾಗ ಎಚ್ಚರವಿರಲಿ. ನೆಲದಲ್ಲಿ ಹಸಿಯಿದ್ದರೆ ಬಿತ್ತನೆಗೆ ಎರಡು ಮೂರು ವಾರ ಮೊದಲು ಉಳುಮೆಯಲ್ಲಿ ಮಣ್ಣಿಗೆ ಸೇರಿಸಿ. ಹಸಿಯಿಲ್ಲದಿದ್ದರೆ ಸೊಪ್ಪು ಕೊಳೆಯದು. ಆಗ ಬೆಳೆಯ ಸಾಲುಗಳ ನಡುವೆ ಹೊದಿಸಿ, ಇಲ್ಲವೇ ತಿಪ್ಪೆಗುಂಡಿಗೆ ಹಾಕಿ. ಹೊದಿಸಿದ ಸೊಪ್ಪು ಬಿಸಿಲಿಗೆ ನೆಲ ಒಣಗುವುದನ್ನು ತಡೆಯುತ್ತದೆ. ಸಾರಜನಕವೂ ಬೇಕೆಂದರೆ ಬದುವಿನಲ್ಲಿ ನಡುನಡುವೆ ಗ್ಲಿರಿಸಿಡಿಯ ನೆಡಿ. ಅದಕ್ಕೆ ಬೇರುಗಂಟು ಇದೆ. ಹೊಲದೊಳಗೆ ತೊಗರಿ, ಅವರೆಯ ಸಾಲು ಬಿಡಬೇಡಿ.

ಆವರಿಕೆಯೊಂದರಿಂದಲೇ ಗೊಬ್ಬರದ ಚಿಂತೆ ತೀರುವುದಿಲ್ಲ. ಆದರೆ ಬದುವಿನ ಮಣ್ಣು ಉಳಿದರೆ ಹೊಲ ಉಳಿದಂತೆ. ಊರಿಗೆ ಮರಳಿದ ಮೇಲೆ ಬದುವಿನ ಮೇಲಿರುವ ಗಿಡಕ್ಕೆ ಮಚ್ಚು ಹಾಕುವ ಮುನ್ನ ಒಮ್ಮೆ ಯೋಚಿಸಿರಿ.